ಕಿವಿಯ ರೋಗ ಕಿಡ್ನಿಗೂ ಇಳಿದಾಗ: ಯಾವ ಔಷಧಿ, ಯಾವ ಲೆಕ್ಕದಲ್ಲಿ

ಕಿವಿ, ಮೂಗು, ಶ್ವಾಸನಾಳಗಳಿಗೆ ಆಕಾರ ಕೊಡುವ ಮೆತ್ತನೆಯ ಎಲುಬು, ಅಂದರೆ ಮೃದ್ವಸ್ಥಿ, ಪದೇ ಪದೇ ಉರಿಯೂತಕ್ಕೆ ಸಿಗುವ ರೋಗ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್. ಅದು ಒಂದೇ ಇದ್ದು, ಅದೂ ಕಿವಿ ಮೂಗಿನಲ್ಲೇ ನಿಂತಿದ್ದರೆ, ಚಿಕಿತ್ಸೆ ಆರಿಸಲು ಸಾಮಾನ್ಯವಾಗಿ ಸಮಯ ಸಿಗುತ್ತದೆ. ಕಿವಿ ಕೆಂಪಗೆ ಊದುತ್ತದೆ, ಮುಟ್ಟಿದರೆ ಉರಿ, ರಾತ್ರಿ ಆ ಮಗ್ಗುಲಿಗೆ ತಲೆ ಇಡಲಾಗದು. ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುವುದೂ ಉಂಟು. ಹತ್ತಿರದಿಂದ ನೋಡಿದರೆ ಓಲೆ ಹಾಕುವ ಮೆತ್ತನೆಯ ತುದಿ ಮಾತ್ರ ಎಂದಿನಂತೆಯೇ ಇರುತ್ತದೆ. ಅಲ್ಲಿ ಮೃದ್ವಸ್ಥಿ ಇಲ್ಲ, ಹಾಗಾಗಿ ರೋಗಕ್ಕೆ ಅಲ್ಲಿ ಕೆಲಸವೂ ಇಲ್ಲ. ಚರ್ಮದ ಸೋಂಕಿನಿಂದ ಊದಿದ ಕಿವಿಯಲ್ಲಿ ಆ ತುದಿಯೂ ಊದುತ್ತದೆ.

ಅದೇ ರೋಗಿಯಲ್ಲಿ ರಕ್ತನಾಳಗಳ ಉರಿಯೂತ, ಅಂದರೆ ವ್ಯಾಸ್ಕುಲೈಟಿಸ್, ಸೇರಿಕೊಂಡು ಕಿಡ್ನಿಗೆ ಕೈಹಾಕಿದರೆ ಲೆಕ್ಕವೇ ಬೇರೆ. ಕಿಡ್ನಿ ನೋಯುವುದಿಲ್ಲ. ಮೂತ್ರದಲ್ಲಿ ನೊರೆ ನಿಲ್ಲುತ್ತದೆ, ಕೆಲವರಲ್ಲಿ ಬಣ್ಣ ಕಂದಾಗುತ್ತದೆ, ಕಿಡ್ನಿ ಸೋಸುವುದು ಕುಗ್ಗಿದಷ್ಟೂ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ಅಂಕಿ ವಾರದಿಂದ ವಾರಕ್ಕೆ ಏರುತ್ತದೆ. ರೋಗಿ ಮಾತ್ರ ಇನ್ನೂ ಕಿವಿಯ ನೋವನ್ನೇ ಹೇಳುತ್ತಿರುತ್ತಾರೆ. ಇಂಥಲ್ಲಿ ಔಷಧಿಯನ್ನು ನೋವು ನೋಡಿ ಆರಿಸಬಾರದು, ಯಾವ ಅಂಗ ಮೊದಲು ಕೈತಪ್ಪುತ್ತದೆ ಎಂದು ನೋಡಿ ಆರಿಸಬೇಕು ಅನ್ನುವುದು ನನ್ನ ನಿಲುವು. ಹೆಚ್ಚಿನ ಸಲ ಆ ಅಂಗ ಕಿಡ್ನಿ. ಅದಕ್ಕೂ ಮುಂದೆ ನಿಲ್ಲುವುದು ಶ್ವಾಸನಾಳ. ಅದರ ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಆರಿಸುವ ಮೊದಲು: ಇದು ನಿಜಕ್ಕೂ ಯಾವ ಕಾಯಿಲೆ

ಮೃದ್ವಸ್ಥಿಯ ಈ ರೋಗವನ್ನು ಮೊದಲು ವರ್ಣಿಸಿದ್ದು 1923ರಲ್ಲಿ, ಯಾಕ್ಶ್-ವಾರ್ಟೆನ್‌ಹಾರ್ಸ್ಟ್. ಈಗಿನ ಹೆಸರು ಬಂದದ್ದು 1960ರಲ್ಲಿ. 1976ರಲ್ಲಿ ಮ್ಯಾಕ್‌ಆಡಮ್ ಮತ್ತು ಸಂಗಡಿಗರು ಆರು ಲಕ್ಷಣಗಳ ಪಟ್ಟಿ ಕೊಟ್ಟರು: ಎರಡೂ ಕಿವಿಗಳ ಉರಿಯೂತ, ಮೂಗಿನ ಮೃದ್ವಸ್ಥಿಯ ಉರಿಯೂತ, ಶ್ವಾಸಮಾರ್ಗದ್ದು, ಕಣ್ಣಿನದು, ಕೀಲು ಸವೆಸದ ಸಂಧಿವಾತ, ಮತ್ತು ಒಳಗಿವಿಗೆ ಪೆಟ್ಟಾಗಿ ಬರುವ ಕಿವುಡು ಅಥವಾ ತಲೆಸುತ್ತು. ಆರರಲ್ಲಿ ಮೂರು ಇದ್ದರೆ ರೋಗ ಅಂತ ಲೆಕ್ಕ. ಗಮನಿಸಿ, ಪಟ್ಟಿಯಲ್ಲಿ ಕಿಡ್ನಿ ಇಲ್ಲ. ಆದರೆ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1987ರಲ್ಲಿ 129 ರೋಗಿಗಳ ದಾಖಲೆ ತೆರೆದು ನೋಡಿದಾಗ 29 ಮಂದಿಗೆ ಕಿಡ್ನಿ ತೊಂದರೆ ಇತ್ತು; ಅವರಲ್ಲಿ ಬೇರೆ ಕಡೆಯ ವ್ಯಾಸ್ಕುಲೈಟಿಸ್ ಹೆಚ್ಚು, ಬದುಕುಳಿಯುವ ಪ್ರಮಾಣ ಕಡಿಮೆ.

ಕಿಡ್ನಿ ಕೆಟ್ಟಿದೆ ಎಂದ ಮಾತ್ರಕ್ಕೆ ಅದು ಮೃದ್ವಸ್ಥಿ ರೋಗದ್ದೇ ಕೆಲಸ ಅನ್ನಲಾಗದು. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ಪಾಲಿಕಾಂಡ್ರೈಟಿಸ್ ಜೊತೆ ಇನ್ನೊಂದು ಕಾಯಿಲೆಯೂ ಇರುತ್ತದೆ: ಆಂಕಾ ವ್ಯಾಸ್ಕುಲೈಟಿಸ್ (ದೇಹದ ಸ್ವಂತ ಬಿಳಿ ರಕ್ತಕಣಗಳ ಮೇಲೆ ತಿರುಗುವ ಆಂಕಾ ಎಂಬ ಪ್ರತಿಕಾಯಗಳಿಂದ ಬರುವ ರಕ್ತನಾಳಗಳ ಉರಿಯೂತ), ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ಹಲವು ಅಂಗಗಳ ಮೇಲೆ ತಿರುಗುವ ರೋಗ), ರುಮಟಾಯ್ಡ್ ಸಂಧಿವಾತ, ಇಲ್ಲವೇ ಅಸ್ಥಿಮಜ್ಜೆಯ ರೋಗ. ಇವುಗಳಲ್ಲಿ ಗೊಂದಲ ಹುಟ್ಟಿಸುವುದು ಆಂಕಾ ವ್ಯಾಸ್ಕುಲೈಟಿಸ್‌ನದೇ ಒಂದು ಬಗೆಯಾದ ಗ್ರಾನ್ಯುಲೊಮಾಟೋಸಿಸ್ ವಿತ್ ಪಾಲಿಆಂಜೈಟಿಸ್, ಚಿಕ್ಕದಾಗಿ ಜಿಪಿಎ. ಮೂಗಿನ ಸೇತುವೆ ಎರಡರಲ್ಲೂ ಕುಸಿಯುತ್ತದೆ, ಧ್ವನಿಪೆಟ್ಟಿಗೆಯ ಕೆಳಗೆ ಎರಡರಲ್ಲೂ ಕಿರಿದಾಗುತ್ತದೆ. ಜಿಪಿಎ ಒಳಪೊರೆಯಿಂದ ಶುರುವಾಗುತ್ತದೆ. ಮೂಗಿನಲ್ಲಿ ರಕ್ತ, ಹೆಕ್ಕಳಿಕೆ, ಸೈನಸ್ ಹಾಳು. ಪಾಲಿಕಾಂಡ್ರೈಟಿಸ್‌ನಲ್ಲಿ ಒಳಪೊರೆ ಬಹುಪಾಲು ಚೆನ್ನಾಗಿಯೇ ಇದ್ದು ಅದರ ಹಿಂದಿನ ಗೋಡೆ ಕರಗುತ್ತದೆ. ಹೊರಕಿವಿ ಪದೇ ಪದೇ ಕೆಂಪಾಗುವುದು ಜಿಪಿಎಯಲ್ಲಿ ಅಪರೂಪ.

ರಕ್ತದಲ್ಲಿ ಆಂಕಾ ಪರೀಕ್ಷೆ, ಅದರಲ್ಲೂ ಪಿಆರ್3 ಮತ್ತು ಎಂಪಿಒ ಎಂಬ ಎರಡು ಬಗೆಯನ್ನು ಬೇರೆಬೇರೆಯಾಗಿ ಅಳೆದದ್ದು, ದಾರಿ ತೋರಿಸುತ್ತದೆ. ಎರಡೂ ಒಟ್ಟಿಗೆ ಪಾಸಿಟಿವ್ ಬಂದು, ಕಿವಿಯ ಮೇಲೆ ಕಪ್ಪುನೇರಳೆ ಕಲೆಗಳಿದ್ದರೆ ಲೆವಮಿಸೋಲ್ ಎಂಬ ಹುಳುವಿನ ಔಷಧಿ ಬೆರೆತ ಕೊಕೇನ್ ಬಳಕೆಯ ಬಗ್ಗೆ ಕೇಳಬೇಕಾಗುತ್ತದೆ; ಮುಜುಗರದ ಪ್ರಶ್ನೆ, ಆದರೆ ಉತ್ತರ ಹೌದಾದರೆ ಚಿಕಿತ್ಸೆಯ ಮೊದಲ ಹೆಜ್ಜೆಯೇ ಬದಲು. ಇನ್ನೊಂದು ಕವಲು 2020ರಲ್ಲಿ ಗುರುತಾದ ವೆಕ್ಸಸ್ ರೋಗ. ಐವತ್ತು ದಾಟಿದ ಗಂಡಸರಲ್ಲಿ ಕಿವಿಯ ಉರಿಯೂತ, ಜ್ವರ, ರಕ್ತಹೀನತೆ, ಕೆಂಪು ರಕ್ತಕಣಗಳ ಗಾತ್ರ ದೊಡ್ಡದು: ಈ ಚಿತ್ರ ಕಂಡರೆ ಯುಬಿಎ1 ಜೀನ್ ಪರೀಕ್ಷೆ ಮಾಡಿಸದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ಅದರ ಚಿಕಿತ್ಸೆಯ ದಾರಿ ರಕ್ತರೋಗ ತಜ್ಞರ ಕಡೆಗೆ ಹೊರಳುತ್ತದೆ. ಈ ಬರಹದ ಉಳಿದ ಹೋಲಿಕೆ ವೆಕ್ಸಸ್ ರೋಗಿಗಳಿಗೆ ಹೊಂದುವುದಿಲ್ಲ.

ಕಿಡ್ನಿ ಬಯಾಪ್ಸಿ ಬೇಕೇ? ಮಾಡಬಹುದಾದ ಸ್ಥಿತಿಯಿದ್ದರೆ ಬೇಕು. ಕಿವಿಯ ಬಯಾಪ್ಸಿ ಬಿಟ್ಟರೂ ನಡೆಯುತ್ತದೆ, ಲಕ್ಷಣಗಳೇ ಸಾಕು, ಕಿಡ್ನಿಯದ್ದು ಹಾಗಲ್ಲ. ಗ್ಲೊಮೆರುಲಸ್ ಎಂಬ ಸೋಸುವ ಗಂಟುಗಳ ಸುತ್ತ ಅರ್ಧಚಂದ್ರದ ಆಕಾರದಲ್ಲಿ ಜೀವಕೋಶಗಳು ತುಂಬಿದ್ದು, ಪ್ರತಿಕಾಯಗಳ ಶೇಖರಣೆ ಹೆಚ್ಚೇನೂ ಕಾಣದಿದ್ದರೆ ಆಂಕಾ ಮಾದರಿ. ಎಲ್ಲ ಬಗೆಯ ಪ್ರತಿಕಾಯಗಳೂ ತುಂಬಿದ್ದರೆ ಲೂಪಸ್. ಐಜಿಎ ಎಂಬ ಒಂದು ಬಗೆಯ ಪ್ರತಿಕಾಯವೇ ಎದ್ದು ಕಂಡರೆ ಮತ್ತೊಂದು ಕಾಯಿಲೆ. ಎಷ್ಟು ಗಂಟುಗಳು ಈಗಾಗಲೇ ಕಲೆಗಟ್ಟಿವೆ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಕಲೆಗಟ್ಟಿದ್ದಕ್ಕೆ ಯಾವ ಔಷಧಿಯೂ ಮರಳಿ ಜೀವ ಕೊಡದು. ಒಂದು ಎಚ್ಚರ: ಬಯಾಪ್ಸಿಗೆ ಬೋರಲಾಗಿ ಮಲಗಿ ಉಸಿರು ಹಿಡಿಯಬೇಕು. ಶ್ವಾಸನಾಳ ಮೆತ್ತಗಾಗಿರುವ ರೋಗಿ ಇದನ್ನು ಮೊದಲೇ ಹೇಳಬೇಕು. ಕ್ರಿಯೇಟಿನಿನ್ ವೇಗವಾಗಿ ಏರುತ್ತಿದ್ದರೆ ವರದಿಗಾಗಿ ಕಾಯದೆ ಸ್ಟೀರಾಯ್ಡ್ ಶುರುಮಾಡುವುದೇ ಸರಿ.

ಸೈಕ್ಲೊಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್

ಇದೇ ಮುಖ್ಯ ಆಯ್ಕೆ. ಸೈಕ್ಲೊಫಾಸ್ಫಮೈಡ್ ಕ್ಯಾನ್ಸರ್‌ಗೂ ಕೊಡುವ ಹಳೆಯ, ಕಟುವಾದ ಔಷಧಿ; ರಿಟುಕ್ಸಿಮ್ಯಾಬ್ ಪ್ರತಿಕಾಯ ತಯಾರಿಸುವ ಬಿ ಕಣಗಳನ್ನು ಅಳಿಸುವ ಡ್ರಿಪ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ಅಂಕಿಗಳೆಲ್ಲ ಆಂಕಾ ವ್ಯಾಸ್ಕುಲೈಟಿಸ್ ರೋಗಿಗಳ ಮೇಲೆ ನಡೆದ ಪ್ರಯೋಗಗಳವು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವೇ ಮಂದಿಗೆ ಬರುವ ಪಾಲಿಕಾಂಡ್ರೈಟಿಸ್ ಮೇಲೆ ಅಂಥ ದೊಡ್ಡ ಪ್ರಯೋಗಗಳು ನಡೆದಿಲ್ಲ. ಆದರೂ ಕಿಡ್ನಿಯಲ್ಲಿ ಆಂಕಾ ಮಾದರಿಯ ಹಾನಿ ಕಂಡ ಮೇಲೆ ವೈದ್ಯರು ಹಿಡಿಯುವುದು ಈ ಪ್ರಯೋಗಗಳ ದಾರಿಯನ್ನೇ.

2010ರ ರೇವ್ ಪ್ರಯೋಗದಲ್ಲಿ 197 ರೋಗಿಗಳಿದ್ದರು. ಆರು ತಿಂಗಳಿಗೆ ಸ್ಟೀರಾಯ್ಡ್ ಪೂರ್ತಿ ಬಿಟ್ಟು ರೋಗ ತಣ್ಣಗಿದ್ದವರು ರಿಟುಕ್ಸಿಮ್ಯಾಬ್ ಗುಂಪಿನಲ್ಲಿ ಶೇ. 64, ಸೈಕ್ಲೊಫಾಸ್ಫಮೈಡ್ ಗುಂಪಿನಲ್ಲಿ ಶೇ. 53. ಒಟ್ಟಾರೆ ರಿಟುಕ್ಸಿಮ್ಯಾಬ್ ಕಡಿಮೆಯೇನಲ್ಲ ಅಂತಷ್ಟೇ ಇದರಿಂದ ಹೇಳಬಹುದು. ರೋಗ ಮರುಕಳಿಸಿ ಬಂದವರನ್ನು ಮಾತ್ರ ನೋಡಿದರೆ ಶೇ. 67ಕ್ಕೆ ಶೇ. 42, ಅಲ್ಲಿ ರಿಟುಕ್ಸಿಮ್ಯಾಬ್ ನಿಚ್ಚಳವಾಗಿ ಮುಂದಿದೆ. ಆದರೆ ಕ್ರಿಯೇಟಿನಿನ್ ಡೆಸಿಲೀಟರಿಗೆ 4 ಮಿಲಿಗ್ರಾಂ ದಾಟಿದವರನ್ನು ಈ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಕಿಡ್ನಿ ತೀರಾ ಕೆಟ್ಟವರಿಗೆ ರೇವ್ ಅಂಕಿಯನ್ನು ಹಾಗೇ ಹಚ್ಚಬಾರದು ಅನ್ನುವುದಕ್ಕೆ ಇದೇ ಕಾರಣ. ಅದೇ ವರ್ಷದ ರಿಟುಕ್ಸ್‌ವಾಸ್ ಪ್ರಯೋಗ ಚಿಕ್ಕದು, 44 ರೋಗಿಗಳು, ಎಲ್ಲರಿಗೂ ಕಿಡ್ನಿ ತೊಂದರೆ. ಅಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಆದರೆ ರಿಟುಕ್ಸಿಮ್ಯಾಬ್ ಗುಂಪಿಗೂ ಎರಡು ಮೂರು ಡೋಸ್ ಸೈಕ್ಲೊಫಾಸ್ಫಮೈಡ್ ಕೊಟ್ಟಿದ್ದರು. ಕ್ರಿಯೇಟಿನಿನ್ ಬಹಳ ಏರಿದಾಗ ಕೆಲವು ತಜ್ಞರು ಎರಡನ್ನೂ ಸೇರಿಸಿ ಕೊಡುವುದರ ಹಿಂದೆ ಈ ಪ್ರಯೋಗವಿದೆ.

ಹಾಗಾದರೆ ಯಾರಿಗೆ ಯಾವುದು? ಮಕ್ಕಳು ಬೇಕೆನ್ನುವ ವಯಸ್ಸಿನವರಾದರೆ ನನ್ನ ಒಲವು ರಿಟುಕ್ಸಿಮ್ಯಾಬ್ ಕಡೆಗೆ, ಸಂಶಯವಿಲ್ಲ. ಸೈಕ್ಲೊಫಾಸ್ಫಮೈಡ್ ಅಂಡಾಶಯ, ವೃಷಣ ಎರಡಕ್ಕೂ ಪೆಟ್ಟು ಕೊಡುತ್ತದೆ, ಒಟ್ಟು ಡೋಸ್ ಏರಿದಷ್ಟೂ ಹೆಚ್ಚು. ಅದನ್ನೇ ಕೊಡಬೇಕಾಗಿ ಬಂದರೆ ವೀರ್ಯ ಶೇಖರಣೆಯ, ಅಂಡಾಶಯ ರಕ್ಷಿಸುವ ಇಂಜೆಕ್ಷನ್ನಿನ ಮಾತು ಮೊದಲ ಡ್ರಿಪ್‌ಗೂ ಮೊದಲೇ ಆಗಬೇಕು; ಆಮೇಲೆ ಕೇಳಿ ಪ್ರಯೋಜನವಿಲ್ಲ. ಹಿಂದೆ ಒಮ್ಮೆ ಸೈಕ್ಲೊಫಾಸ್ಫಮೈಡ್ ಪಡೆದವರಿಗೆ, ಅಥವಾ ಪಿಆರ್3 ಪಾಸಿಟಿವ್ ಇದ್ದು ರೋಗ ಮರಳಿದವರಿಗೆ, ರಿಟುಕ್ಸಿಮ್ಯಾಬ್. ಕ್ರಿಯೇಟಿನಿನ್ 4 ದಾಟಿ ಇನ್ನೂ ಏರುತ್ತಿದ್ದರೆ ಸೈಕ್ಲೊಫಾಸ್ಫಮೈಡ್, ಇಲ್ಲವೇ ಎರಡರ ಜೋಡಿ.

ಸೈಕ್ಲೊಫಾಸ್ಫಮೈಡ್ ಅಂತ ತೀರ್ಮಾನವಾದರೆ ಮಾತ್ರೆಗಿಂತ ಡ್ರಿಪ್ ಮೇಲು. 2009ರ ಸೈಕ್ಲಾಪ್ಸ್ ಪ್ರಯೋಗದಲ್ಲಿ 149 ರೋಗಿಗಳಲ್ಲಿ ಎರಡೂ ದಾರಿ ಒಂದೇ ಫಲ ಕೊಟ್ಟವು. ಆದರೆ ದಿನವೂ ಮಾತ್ರೆ ನುಂಗಿದವರ ಒಟ್ಟು ಡೋಸ್ 15.9 ಗ್ರಾಂ, ಡ್ರಿಪ್ ಪಡೆದವರದ್ದು 8.2 ಗ್ರಾಂ. ಬಿಳಿ ರಕ್ತಕಣ ಕುಸಿಯುವುದೂ ಡ್ರಿಪ್‌ನಲ್ಲಿ ಕಡಿಮೆ. ಮುಂದಿನ ವರ್ಷಗಳಲ್ಲಿ ಡ್ರಿಪ್ ಪಡೆದವರಲ್ಲಿ ರೋಗ ಮರುಕಳಿಸಿದ್ದು ಹೆಚ್ಚು ಅನ್ನುವುದನ್ನೂ ಹೇಳಲೇಬೇಕು. ವಯಸ್ಸು ಅರವತ್ತು ದಾಟಿದ್ದರೆ, ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಇಳಿಸುತ್ತಾರೆ. ಡ್ರಿಪ್ ಹಾಕಿದ ಎರಡನೇ ವಾರದ ರಕ್ತಪರೀಕ್ಷೆ ತಪ್ಪಿಸಬೇಡಿ, ಬಿಳಿ ಕಣಗಳು ತಳ ಮುಟ್ಟುವುದು ಆಗಲೇ.

ರಿಟುಕ್ಸಿಮ್ಯಾಬ್ ಮೆದು ಔಷಧಿ ಅಂತ ಯಾರಾದರೂ ಹೇಳಿದರೆ ಅರ್ಧ ನಂಬಿ. ಅಡಗಿ ಕೂತ ಹೆಪಟೈಟಿಸ್ ಬಿ ಅದರಿಂದ ಎದ್ದು ಲಿವರ್ ಹಾಳಾಗಬಹುದು; ಪರೀಕ್ಷೆ ಇಲ್ಲದೆ ಮೊದಲ ಡೋಸ್ ಬೇಡ. ವರ್ಷಗಟ್ಟಲೆ ಪಡೆದವರಲ್ಲಿ ಐಜಿಜಿ ಪ್ರತಿಕಾಯ ಇಳಿದು ಸೋಂಕು ಪದೇ ಪದೇ ಬರುತ್ತದೆ. ಕೊಟ್ಟ ನಂತರ ಆರು ತಿಂಗಳಷ್ಟು ಕಾಲ ಲಸಿಕೆಗಳು ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಕಾಯುವಷ್ಟು ಸಮಯವಿದ್ದರೆ ಲಸಿಕೆ ಮೊದಲು. ಕಿಡ್ನಿ ವೇಗವಾಗಿ ಕೆಡುತ್ತಿದ್ದರೆ ಲಸಿಕೆಗಾಗಿ ಕಾಯುವ ಪ್ರಶ್ನೆಯೇ ಇಲ್ಲ. ಎರಡರಲ್ಲಿ ಯಾವುದಾದರೂ, ನ್ಯೂಮೊಸಿಸ್ಟಿಸ್ ನ್ಯುಮೋನಿಯಾ ತಡೆಯಲು ಕೋಟ್ರೈಮಾಕ್ಸಜೋಲ್ ಮಾತ್ರೆ ಜೊತೆಗಿರುತ್ತದೆ. ಆ ಮಾತ್ರೆಯೇ ಕ್ರಿಯೇಟಿನಿನ್ ಅಂಕಿಯನ್ನೂ ಪೊಟ್ಯಾಸಿಯಂ ಅನ್ನೂ ಸ್ವಲ್ಪ ಏರಿಸಬಲ್ಲದು. ಅಂಕಿ ಏರಿದ್ದು ಕಂಡು ರೋಗ ಕೆರಳಿತು ಅಂತ ಗಾಬರಿಯಾಗುವ ಮೊದಲು ಮೂತ್ರದಲ್ಲಿ ರಕ್ತ ಇದೆಯೇ ನೋಡಿ.

ಸ್ಟೀರಾಯ್ಡ್ ಎಷ್ಟು, ಪ್ಲಾಸ್ಮಾ ಬದಲಾವಣೆ ಯಾವಾಗ

ಸ್ಟೀರಾಯ್ಡ್ ಬೇಡ ಅನ್ನುವ ಆಯ್ಕೆ ಮೊದಲ ವಾರಗಳಲ್ಲಿ ಇಲ್ಲ. ಎಷ್ಟು ಬೇಗ ಇಳಿಸುವುದು ಅನ್ನುವ ಆಯ್ಕೆ ಇದೆ, ಅದರ ಉತ್ತರವೂ ಈಗ ಸ್ಪಷ್ಟ: ಬೇಗ. 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ 704 ರೋಗಿಗಳ ಪ್ರಯೋಗ. ಸ್ಟೀರಾಯ್ಡನ್ನು ಬೇಗ ಇಳಿಸಿದವರಲ್ಲಿ ಸಾವು ಅಥವಾ ಕಿಡ್ನಿ ಪೂರ್ತಿ ಕೈಕೊಟ್ಟದ್ದು ಶೇ. 27.9, ಹಳೆಯ ಡೋಸ್‌ನವರಲ್ಲಿ ಶೇ. 25.5, ಈ ಅಂತರದಿಂದ ಕಡಿಮೆ ಡೋಸ್ ಹಿಂದೆ ಬಿದ್ದಿಲ್ಲ ಅಂತಲೇ ಪ್ರಯೋಗ ಪರಿಗಣಿಸಿತು. ಮೊದಲ ವರ್ಷದ ಗಂಭೀರ ಸೋಂಕುಗಳು ಕಡಿಮೆ ಡೋಸ್‌ನಲ್ಲಿ ಕಡಿಮೆ. ನಾಲ್ಕೈದು ತಿಂಗಳಿಗೆ ದಿನಕ್ಕೆ 5 ಮಿಲಿಗ್ರಾಂಗೆ ಇಳಿಯುವುದು ಈಗಿನ ಯುರೋಪಿನ ಶಿಫಾರಸು. ತೊಡಕು ಇರುವುದು ಇಲ್ಲೇ: ಡೋಸ್ ಇಳಿಯುತ್ತಿದ್ದಂತೆ ಕಿಡ್ನಿ ಸುಮ್ಮನಿದ್ದರೂ ಕಿವಿ ಕೆರಳಬಹುದು. ಹಾಗಂತ ಮತ್ತೆ ದೊಡ್ಡ ಡೋಸ್‌ಗೆ ಹಾರುವ ಮೊದಲು ಬೇರೆ ದಾರಿ ನೋಡಬೇಕು.

ಸ್ಟೀರಾಯ್ಡ್ ಸಹಿಸದವರಿಗೆ ಅವಕೊಪಾನ್ ಇದೆ. ರಕ್ತದಲ್ಲಿರುವ, ಸೋಂಕಿನೆದುರು ಕಾಯುವ ಪ್ರೋಟೀನುಗಳ ಗುಂಪಾದ ಕಾಂಪ್ಲಿಮೆಂಟ್ ವ್ಯವಸ್ಥೆಯ ಸಿ5ಎ ಎಂಬ ತುಣುಕು ಬಿಳಿ ರಕ್ತಕಣಗಳನ್ನು ಕೆರಳಿಸುವ ಜಾಗವನ್ನೇ ಮುಚ್ಚುವ ಮಾತ್ರೆ. 2021ರ ಅಡ್ವೊಕೇಟ್ ಪ್ರಯೋಗದಲ್ಲಿ 331 ರೋಗಿಗಳು. ಒಂದು ವರ್ಷದಲ್ಲಿ ರೋಗ ತಣ್ಣಗೇ ಉಳಿದದ್ದು ಅವಕೊಪಾನ್‌ನಲ್ಲಿ ಶೇ. 65.7, ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್‌ನಲ್ಲಿ ಶೇ. 54.9. ಕಿಡ್ನಿಯ ಸೋಸುವ ಶಕ್ತಿ ಮರಳಿದ್ದೂ ಸ್ವಲ್ಪ ಹೆಚ್ಚು. ದುಬಾರಿ, ಲಿವರ್ ಪರೀಕ್ಷೆ ಆಗಾಗ ಬೇಕು, ಮತ್ತು ಮೃದ್ವಸ್ಥಿಯ ಉರಿಯೂತಕ್ಕೆ ಅದು ಕೆಲಸ ಮಾಡುತ್ತದೆ ಅನ್ನಲು ಆಧಾರವಿಲ್ಲ. ಕಿಡ್ನಿ ಮುಖ್ಯ ಸಮಸ್ಯೆಯಾಗಿ ಕಿವಿ ಸುಮ್ಮನಿದ್ದರೆ ಒಳ್ಳೆಯ ಆಯ್ಕೆ. ಕಿವಿ, ಶ್ವಾಸನಾಳ ಎರಡೂ ಉರಿಯುತ್ತಿರುವಾಗ ಅದನ್ನು ನಂಬಿ ಸ್ಟೀರಾಯ್ಡ್ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಪ್ಲಾಸ್ಮಾ ಬದಲಾವಣೆ, ಅಂದರೆ ರಕ್ತದ ದ್ರವಭಾಗವನ್ನು ಪ್ರತಿಕಾಯಗಳ ಸಮೇತ ತೆಗೆದು ಬೇರೆ ದ್ರವ ತುಂಬುವುದು, ಇದರ ಬಗ್ಗೆ ಪೆಕ್ಸಿವಾಸ್ ಹೇಳಿದ್ದು ನಿರಾಶೆಯ ಮಾತು: ಸಾವು ಅಥವಾ ಕಿಡ್ನಿ ಪೂರ್ತಿ ಕೈಕೊಟ್ಟದ್ದು ಮಾಡಿಸಿದವರಲ್ಲಿ ಶೇ. 28.4, ಮಾಡಿಸದವರಲ್ಲಿ ಶೇ. 31, ವ್ಯತ್ಯಾಸ ಖಚಿತವಲ್ಲ. ಎಲ್ಲ ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಮೊದಲ ವರ್ಷದಲ್ಲಿ ಡಯಾಲಿಸಿಸ್‌ಗೆ ಬೀಳುವುದು ಕಡಿಮೆಯಾಗುತ್ತದೆ, ಗಂಭೀರ ಸೋಂಕು ಹೆಚ್ಚಾಗುತ್ತದೆ, ಸಾವಿನ ಪ್ರಮಾಣ ಬದಲಾಗುವುದಿಲ್ಲ. ಕ್ರಿಯೇಟಿನಿನ್ 3.4 ದಾಟಿದಾಗ ಚರ್ಚಿಸಬಹುದು. ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಬೇಡ.

ಕಿವಿಗೆ ಒಳ್ಳೆಯದು, ಕಿಡ್ನಿಗೆ ಅಲ್ಲ

ಈ ಜೋಡಿ ರೋಗದಲ್ಲಿ ನಿಜವಾದ ಇಕ್ಕಟ್ಟು ಇಲ್ಲಿದೆ. ಪಾಲಿಕಾಂಡ್ರೈಟಿಸ್‌ಗೆ ರೂಢಿಯಲ್ಲಿ ಕೊಡುವ ಔಷಧಿಗಳ ಪಟ್ಟಿಯನ್ನು ಕಿಡ್ನಿಯ ಮುಂದೆ ಓದಿದರೆ ಒಂದೊಂದಾಗಿ ಹೊರಬೀಳುತ್ತವೆ.

ಮೊದಲು ಹೋಗುವುದು ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಇಂಡೊಮೆಥಸಿನ್ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ; ಸೋಸುವ ಗಂಟುಗಳು ಉರಿಯುತ್ತಿರುವಾಗ ಇದು ಎರಡನೇ ಏಟು. ಇವು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದರಿಂದ ವೈದ್ಯರ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ರೋಗಿಯೂ ಹೇಳುವುದಿಲ್ಲ. ಪ್ಯಾರಸಿಟಮಾಲ್ ಸಾಕಾಗದಿದ್ದರೆ ಅದನ್ನೇ ವೈದ್ಯರಿಗೆ ಹೇಳಿ, ಕಿವಿ ನೋಯುತ್ತದೆಂದು ನೀವೇ ಬೇರೆ ಮಾತ್ರೆ ಹುಡುಕಬೇಡಿ.

ಮೆಥೊಟ್ರೆಕ್ಸೇಟ್ ಮೃದ್ವಸ್ಥಿ ರೋಗದಲ್ಲಿ ಬಹಳ ಬಳಕೆಯಲ್ಲಿದೆ, ವಾರಕ್ಕೊಂದು ದಿನ, ಅಗ್ಗ. ಆದರೆ ಅದು ದೇಹದಿಂದ ಹೊರಹೋಗುವುದೇ ಕಿಡ್ನಿ ಮೂಲಕ. ಸೋಸುವ ಶಕ್ತಿ (ವರದಿಯಲ್ಲಿ ಇಜಿಎಫ್‌ಆರ್) 30ಕ್ಕಿಂತ ಕೆಳಗಿದ್ದರೆ ಒಳಗೇ ಉಳಿದು ಬಾಯಿಹುಣ್ಣಿನಿಂದ ಶುರುವಾಗಿ ಅಸ್ಥಿಮಜ್ಜೆಯನ್ನೇ ಒಣಗಿಸುತ್ತದೆ. ಬೇಡ. ಸೈಕ್ಲೊಸ್ಪೊರಿನ್ ತಾನೇ ಕಿಡ್ನಿಗೆ ವಿಷ. ಕಾಲ್ಚಿಸಿನ್ ಕಡಿಮೆ ಡೋಸ್‌ನಲ್ಲಿ ನಡೆಯುತ್ತದೆ, ಆದರೆ ಕ್ಲಾರಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಅಪಾಯ. ಡ್ಯಾಪ್ಸೋನ್‌ಗೆ ಮೊದಲು ಕೆಂಪು ಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಬೇಕು. ರಕ್ತಕಣ ಒಡೆಯುವ ಅದರ ಗುಣ ಈಗಾಗಲೇ ರಕ್ತಹೀನತೆ ಇರುವ ಕಿಡ್ನಿ ರೋಗಿಗೆ ಒಗ್ಗದು.

ಇನ್ನು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್. ಸ್ಟೀರಾಯ್ಡ್‌ಗೆ ಬಗ್ಗದ ಮೃದ್ವಸ್ಥಿ ಉರಿಯೂತದಲ್ಲಿ, ಅದರಲ್ಲೂ ಶ್ವಾಸನಾಳದ್ದರಲ್ಲಿ, ಹಲವರಿಗೆ ಇವು ಗುಣ ಕೊಟ್ಟಿವೆ. ಕಿಡ್ನಿಯ ವ್ಯಾಸ್ಕುಲೈಟಿಸ್‌ಗೆ? 2005ರಲ್ಲಿ ಅದೇ ಬಗೆಯ ಎಟನರ್ಸೆಪ್ಟ್ ಅನ್ನು ಜಿಪಿಎ ರೋಗಿಗಳ ಮೇಲೆ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ಮೇಲಾಗಿ ಗಟ್ಟಿ ಗೆಡ್ಡೆಯ ಕ್ಯಾನ್ಸರ್ ಬಂದ ಆರೂ ಮಂದಿ ಎಟನರ್ಸೆಪ್ಟ್ ಗುಂಪಿನವರೇ. ಆದ್ದರಿಂದ ಕಿವಿ ಮತ್ತು ಕಿಡ್ನಿ ಎರಡಕ್ಕೂ ಇದೊಂದೇ ಸಾಕು ಅನ್ನುವ ಲೆಕ್ಕ ನಡೆಯುವುದಿಲ್ಲ. ಉಲ್ಟಾ ದಿಕ್ಕಿನಲ್ಲೂ ತೊಡಕಿದೆ: ಕಿಡ್ನಿಗೆ ಚೆನ್ನಾಗಿ ಕೆಲಸ ಮಾಡುವ ರಿಟುಕ್ಸಿಮ್ಯಾಬ್ ಮೃದ್ವಸ್ಥಿ ಮಟ್ಟಿಗೆ ಫ್ರಾನ್ಸಿನ ಒಂದು ಸಣ್ಣ ಸರಣಿಯಲ್ಲಿ ನಿರಾಸೆಯನ್ನೇ ಕೊಟ್ಟಿತು. ಸೈಕ್ಲೊಫಾಸ್ಫಮೈಡ್ ಎರಡೂ ಕಡೆ ಕೆಲಸ ಮಾಡುತ್ತದೆ ಅನ್ನುವುದು ಹಳೆಯ ಅನುಭವ. ಹೀಗಾಗಿ ಮೂಗು, ಶ್ವಾಸನಾಳ, ಕಿಡ್ನಿ ಮೂರೂ ಒಮ್ಮೆಗೇ ಉರಿಯುತ್ತಿರುವ ರೋಗಿಯಲ್ಲಿ, ಮಕ್ಕಳ ಪ್ರಶ್ನೆ ಇಲ್ಲದಿದ್ದರೆ, ಹಳೆಯ ಔಷಧಿಯ ತೂಕವೇ ನನ್ನ ಕಣ್ಣಿಗೆ ಹೆಚ್ಚು.

ಶ್ವಾಸನಾಳ ಸರದಿ ಮುರಿಯುತ್ತದೆ

ದನಿ ಒಡೆದಿದೆ, ಧ್ವನಿಪೆಟ್ಟಿಗೆಯ ಮೇಲೆ ಬೆರಳಿಟ್ಟು ಒತ್ತಿದರೆ ನೋವು, ಉಸಿರು ಎಳೆಯುವಾಗ ಸೀಟಿಯಂಥ ಸದ್ದು: ಇಷ್ಟು ಇದ್ದರೆ ಕಿಡ್ನಿ ಎರಡನೆಯದು. ಮಲಗಿಸಿ ತೆಗೆಯುವ ಮಾಮೂಲಿ ಸಿಟಿ ಸ್ಕ್ಯಾನ್ ಸಾಲದು. ಉಸಿರು ಹೊರಬಿಡುವಾಗಲೂ ತೆಗೆಯಬೇಕು, ನಾಳದ ಗೋಡೆ ಕುಸಿಯುವುದು ಆಗಲೇ ಕಾಣುತ್ತದೆ. ಇದಕ್ಕೆ ಕಿಡ್ನಿಗೆ ತೊಂದರೆ ಕೊಡುವ ಬಣ್ಣದ ಇಂಜೆಕ್ಷನ್ ಬೇಕಿಲ್ಲ, ಆ ಭಯಕ್ಕೆ ಸ್ಕ್ಯಾನ್ ಮುಂದೂಡಬೇಡಿ. ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೊಸ್ಕೊಪಿ ಮಾತ್ರ ಯೋಚಿಸಿ ಮಾಡುವಂಥದ್ದು, ಉರಿಯುತ್ತಿರುವ ನಾಳ ಅದರಿಂದಲೇ ಬಿಗಿದುಕೊಳ್ಳಬಹುದು. ಸ್ಟೆಂಟ್, ಕತ್ತಿನಲ್ಲಿ ರಂಧ್ರ ಮಾಡಿ ಕೂರಿಸುವ ಟ್ರೇಕಿಯಾಸ್ಟಮಿ, ರಾತ್ರಿ ಹಾಕುವ ಒತ್ತಡದ ಮಾಸ್ಕ್: ಇವುಗಳಲ್ಲಿ ಸಾಧ್ಯವಾದಷ್ಟು ದಿನ ಮಾಸ್ಕ್ ಮೇಲೇ ನಡೆಸುವುದು ಒಳ್ಳೆಯದು, ಒಮ್ಮೆ ಹಾಕಿದ ಲೋಹದ ಸ್ಟೆಂಟ್ ತೆಗೆಯುವುದು ಸುಲಭವಲ್ಲ. ಯಾವ ಆಪರೇಷನ್‌ಗೆ ಅರಿವಳಿಕೆ ಕೊಡುವುದಾದರೂ ಅರಿವಳಿಕೆ ವೈದ್ಯರಿಗೆ ಈ ರೋಗದ ಹೆಸರು ಮೊದಲೇ ಗೊತ್ತಿರಬೇಕು.

ರೋಗ ತಣಿದ ಮೇಲೆ

ಕಾಯ್ದುಕೊಳ್ಳುವ ಚಿಕಿತ್ಸೆಯಲ್ಲಿ ಚರ್ಚೆ ಚಿಕ್ಕದು. 2014ರ ಮೇನ್‌ರಿಟ್ಸಾನ್ ಪ್ರಯೋಗದಲ್ಲಿ 28 ತಿಂಗಳಲ್ಲಿ ದೊಡ್ಡ ಮರುಕಳಿಕೆ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ. 5, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಾದ ಅಜಥಯೊಪ್ರಿನ್‌ನವರಲ್ಲಿ ಶೇ. 29. ರಿಟುಕ್ಸಿಮ್ಯಾಬ್ ಡೋಸ್ ಆರು ತಿಂಗಳಿಗೊಮ್ಮೆ 500 ಮಿಲಿಗ್ರಾಂ. ಅಂಥದ್ದೇ ಇನ್ನೊಂದು ಮಾತ್ರೆ ಮೈಕೊಫಿನೊಲೇಟ್ 2010ರ ಪ್ರಯೋಗದಲ್ಲಿ ಅಜಥಯೊಪ್ರಿನ್‌ಗಿಂತಲೂ ಹಿಂದೆ ಬಿತ್ತು. ಅಜಥಯೊಪ್ರಿನ್‌ಗೆ ಈಗಲೂ ಜಾಗ ಇರುವುದು ಎರಡು ಕಡೆ: ಗರ್ಭಧಾರಣೆಗೆ ತಯಾರಾಗುವವರಲ್ಲಿ, ಮತ್ತು ಐಜಿಜಿ ತೀರಾ ಇಳಿದವರಲ್ಲಿ. ಕಿಡ್ನಿ ರೋಗಿಗಳಲ್ಲಿ ಯೂರಿಕ್ ಆಮ್ಲಕ್ಕೆಂದು ಅಲೊಪ್ಯುರಿನಾಲ್ ನುಂಗುವವರು ಬಹಳ. ಅದರ ಜೊತೆ ಮಾಮೂಲಿ ಡೋಸ್‌ನ ಅಜಥಯೊಪ್ರಿನ್ ಸೇರಿದರೆ ಬಿಳಿ ಕಣಗಳು ನೆಲಕಚ್ಚುತ್ತವೆ. ಚಿಕಿತ್ಸೆ ಎರಡರಿಂದ ನಾಲ್ಕು ವರ್ಷ ನಡೆಯುತ್ತದೆ. ಕಿಡ್ನಿ ಉಳಿಯದೆ ಕಸಿ ಮಾಡಿಸಬೇಕಾದರೆ ರೋಗ ಆರು ತಿಂಗಳಾದರೂ ತಣ್ಣಗಿರಬೇಕು. ಆಂಕಾ ಅಂಕಿ ಪಾಸಿಟಿವ್ ಉಳಿದಿದೆ ಅನ್ನುವುದೊಂದೇ ಕಸಿಗೆ ಅಡ್ಡಿಯಲ್ಲ.

ಮರುಕಳಿಸಿದಾಗ ಕಿವಿಯನ್ನೂ ಮೂತ್ರವನ್ನೂ ಬೇರೆಬೇರೆಯಾಗಿ ಓದಬೇಕು. ಕಿವಿ ಕೆಂಪಾಗಿ ಮೂತ್ರ ಸ್ವಚ್ಛವಿದ್ದರೆ ಸ್ವಲ್ಪ ದಿನದ ಸ್ಟೀರಾಯ್ಡ್, ಕಡಿಮೆ ಡೋಸ್‌ನ ಕಾಲ್ಚಿಸಿನ್. ಕಿಡ್ನಿ ಕಾಯುತ್ತಿರುವ ಔಷಧಿಯನ್ನು ಆ ಸಿಟ್ಟಿಗೆ ಬದಲಿಸಬೇಡಿ. ಕಿವಿ ಸುಮ್ಮನಿದ್ದು ಮೂತ್ರದಲ್ಲಿ ಹೊಸದಾಗಿ ರಕ್ತ, ಪ್ರೋಟೀನ್ ಕಂಡರೆ, ಕ್ರಿಯೇಟಿನಿನ್ ಇನ್ನೂ ಏರದಿದ್ದರೂ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ವಾರ ಕಿಡ್ನಿ ತಜ್ಞರನ್ನು ಕಾಣಿ.